ಹಳದಿ ಜ್ವರದ ಸೊಳ್ಳೆಯಿಂದ ತಾವೇ ಕಚ್ಚಿಸಿಕೊಂಡರೇ ವಾಲ್ಟರ್ ರೀಡ್? ಕಥೆಯೇನು, ನಿಜವೇನು?

ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿಕೊಂಡ ಮಹಾನ್ ವಿಜ್ಞಾನಿಗಳು ಎಂಬ ಬಗೆಯ ಬರಹಗಳನ್ನು ನಾವೆಲ್ಲ ಓದಿರುತ್ತೇವೆ, ಮೆಚ್ಚಿ ಮುಂದಕ್ಕೂ ಕಳಿಸಿರುತ್ತೇವೆ. ಅಂಥ ಕಥೆಗಳಿಗೆ ಸುಲಭವಾಗಿ ಸಿಗುವ ಒಂದು ಹೆಸರು ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರದು. ಹಳದಿ ಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ಅವರು ಮೊದಲು ಕಂಡುಹಿಡಿದರು, ಅದನ್ನು ಸಾಬೀತು ಮಾಡಲು ತಾವೇ ಸೊಳ್ಳೆಗೆ ಕೈಯೊಡ್ಡಿದರು, ಕೆಚ್ಚೆದೆಯ ಸೈನಿಕರು ಯಾವ ಆಸೆಯೂ ಇಲ್ಲದೆ ಅವರ ಜೊತೆ ನಿಂತರು ಎನ್ನುವುದು ಕಥೆಯ ತಿರುಳು.

ಇದರಲ್ಲಿ ಮೂರು ಮಾತುಗಳಿವೆ. ಒಂದೊಂದಾಗಿ ನೋಡಿದರೆ ಮೊದಲನೆಯದು ತಪ್ಪು, ಎರಡನೆಯದೂ ತಪ್ಪು, ಮೂರನೆಯದು ಅರ್ಧ ಸತ್ಯ. ರೀಡ್ ಸೊಳ್ಳೆಯಿಂದ ಕಚ್ಚಿಸಿಕೊಳ್ಳಲಿಲ್ಲ. ಕಚ್ಚಿಸಿಕೊಂಡವರು ಅವರ ಸಹೋದ್ಯೋಗಿಗಳು. ಅವರಲ್ಲಿ ಒಬ್ಬರು ತೀರಿಕೊಂಡರು. ಆ ಹೊತ್ತಿಗೆ ರೀಡ್ ಸಮುದ್ರದಾಚೆ ವಾಷಿಂಗ್ಟನ್‌ನಲ್ಲಿ ಕ್ಷೇಮವಾಗಿದ್ದರು.

ಈ ಸಂಗತಿ ಅವರನ್ನು ಬಹಳ ಕಾಡಿತು. ಇಂದು ಯಾವುದೇ ವೈದ್ಯಕೀಯ ಪ್ರಯೋಗಕ್ಕೆ ಸೇರುವ ಮುನ್ನ ನಮ್ಮ ಮುಂದೆ ಇಡುವ ಒಪ್ಪಿಗೆ ಪತ್ರದ ಹಿಂದೆ ಆ ಸಂಕಟದ ಒಂದು ಎಳೆಯೂ ಇದೆ. ಆದ್ದರಿಂದ ವೀರಕಥೆಗಿಂತ ನಿಜ ಕಥೆಯೇ ನಮಗೆ ಹೆಚ್ಚು ಉಪಯೋಗದ್ದು.

ಮೊದಲಿಗೆ, ಹಳದಿ ಜ್ವರ ಅಂದರೇನು?

ಹಳದಿ ಜ್ವರ ಎಂದ ಕೂಡಲೇ ನಮ್ಮಲ್ಲಿ ಅನೇಕರು ಕಾಮಾಲೆ ಎಂದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ. ಕಾಮಾಲೆ ಎನ್ನುವುದು ಒಂದು ಲಕ್ಷಣ. ಪಿತ್ತಜನಕಾಂಗ ಅಂದರೆ ಲಿವರ್‌ಗೆ ತೊಂದರೆಯಾದಾಗ ಕಣ್ಣು, ಚರ್ಮ ಹಳದಿಗಟ್ಟುತ್ತವೆ. ಅದಕ್ಕೆ ಹತ್ತಾರು ಕಾರಣಗಳಿರಬಹುದು. ಹಳದಿ ಜ್ವರ ಒಂದು ನಿರ್ದಿಷ್ಟ ವೈರಸ್‌ನಿಂದ ಬರುವ ಕಾಯಿಲೆ. ಅದು ಆಫ್ರಿಕಾ ಮತ್ತು ಮಧ್ಯ, ದಕ್ಷಿಣ ಅಮೆರಿಕದ ಕೆಲವು ಭಾಗಗಳಲ್ಲಿದೆ. ಭಾರತದಲ್ಲಿ ಇಲ್ಲ.

ಜ್ವರ, ತಲೆನೋವು, ಮೈಕೈ ನೋವಿನಿಂದ ಅದು ಶುರುವಾಗುತ್ತದೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಜ್ವರ ಇಳಿದಂತೆ ಕಂಡು ಮತ್ತೆ ಏರುತ್ತದೆ. ಆಗ ಮೈ ಹಳದಿಯಾಗುತ್ತದೆ, ಒಳಗೆ ರಕ್ತಸ್ರಾವವಾಗಿ ವಾಂತಿ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆ ಹಂತ ಮುಟ್ಟಿದವರಲ್ಲಿ ಹಲವರು ಬದುಕುವುದಿಲ್ಲ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಇಂದು ಲಸಿಕೆ ಇದೆ, ಅಂದು ಅದೂ ಇರಲಿಲ್ಲ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಗುಣಪಡಿಸಲು ಬಾರದ ಕಾಯಿಲೆಯನ್ನು ಆರೋಗ್ಯವಂತ ಮನುಷ್ಯನಿಗೆ ಬೇಕೆಂದೇ ಬರಿಸುವುದೇ ರೀಡ್ ಅವರ ಪ್ರಯೋಗವಾಗಿತ್ತು.

ಹಳ್ಳಿಯ ಪಾದ್ರಿಯ ಮಗ ಸೇನಾ ವೈದ್ಯನಾದದ್ದು

ವಾಲ್ಟರ್ ರೀಡ್ ಹುಟ್ಟಿದ್ದು 1851ರ ಸೆಪ್ಟೆಂಬರ್ 13ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಬೆಲ್‌ರಾಯ್ ಎಂಬ ಊರಿನಲ್ಲಿ. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. ಹುಡುಗ ಓದಿನಲ್ಲಿ ಎಷ್ಟು ಚುರುಕಾಗಿದ್ದನೆಂದರೆ, 1869ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ ಕೈಗೆ ಬಂದಾಗ ಇನ್ನೂ 18 ತುಂಬಿರಲಿಲ್ಲ. ಮರುವರ್ಷ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಿಂದ ಇನ್ನೊಂದು ಪದವಿ ಬಂತು.

1875ರಲ್ಲಿ ಸೇನೆಯ ವೈದ್ಯರಾಗಿ ಸೇರಿದರು. ಮರುವರ್ಷ ಎಮಿಲಿ ಲಾರೆನ್ಸ್ ಅವರನ್ನು ಮದುವೆಯಾದರು. ಮುಂದಿನ ಹಲವು ವರ್ಷಗಳು ಅಮೆರಿಕದ ಪಶ್ಚಿಮದ ಗಡಿ ಠಾಣೆಗಳಲ್ಲೇ ಕಳೆದವು. ಸೈನಿಕರು, ಅವರ ಹೆಂಡಿರು ಮಕ್ಕಳು, ಸುತ್ತಲಿನ ಮೂಲನಿವಾಸಿಗಳು, ಎಲ್ಲರಿಗೂ ಅವರೇ ಡಾಕ್ಟರು.

ಆ ಹೊತ್ತಿಗೆ ಯುರೋಪಿನಲ್ಲಿ ವೈದ್ಯವಿಜ್ಞಾನವೇ ಬದಲಾಗಿತ್ತು. ಕಾಯಿಲೆಗಳಿಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಾರಣ ಎಂದು ಒಂದರ ಹಿಂದೊಂದು ಸಾಬೀತಾಗುತ್ತಿತ್ತು. ದೂರದ ಠಾಣೆಯಲ್ಲಿದ್ದ ರೀಡ್‌ಗೆ ತಾವು ಹಿಂದುಳಿದೆವೆಂಬ ಅಳುಕು ಹತ್ತಿತು. ಸುಮಾರು 40ನೇ ವಯಸ್ಸಿನಲ್ಲಿ, 1890ರಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ವಿಲಿಯಂ ವೆಲ್ಚ್ ಅವರ ಬಳಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. 1893ರಲ್ಲಿ ವಾಷಿಂಗ್ಟನ್‌ನ ಸೇನಾ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು.

1898ರಲ್ಲಿ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧವಾಯಿತು. ಸೇನಾ ಶಿಬಿರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಟೈಫಾಯ್ಡ್ ಬಂತು, 1,500ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಹುಡುಕುವ ಸಮಿತಿಗೆ ರೀಡ್ ಅವರೇ ಮುಖ್ಯಸ್ಥರು. ಬರಿ ನೀರಷ್ಟೇ ಅಲ್ಲ, ಹೇಸಿಗೆಯ ಮೇಲೆ ಕೂತು ಊಟದ ಮೇಲೆ ಕೂರುವ ನೊಣ, ಕಾಯಿಲೆಯವರ ಆರೈಕೆ ಮಾಡುವವರ ಕೈ ಕೂಡ ಅದನ್ನು ಹರಡುತ್ತವೆ ಎಂದು ಅವರ ಸಮಿತಿ ತೋರಿಸಿತು. ಈ ವರದಿಯನ್ನು ಪೂರ್ತಿ ಮಾಡುವ ಕೆಲಸ ಬಾಕಿ ಇತ್ತು. ಈ ಬಾಕಿ ಕೆಲಸವೇ ಮುಂದೆ ರೀಡ್ ಅವರ ಬದುಕಿನ ದೊಡ್ಡ ನೋವಿಗೆ ಕಾರಣವಾಯಿತು.

ಒಪ್ಪಿಗೆ ಕೇಳದೆ ಚುಚ್ಚಿದ ಕಾಲ

ಹಳದಿ ಜ್ವರದ ಬಗ್ಗೆ ರೀಡ್ ಕೆಲಸ ಶುರುಮಾಡುವ ಮುನ್ನ ಇನ್ನೊಬ್ಬ ವಿಜ್ಞಾನಿಯ ಕಥೆ ನಡೆದಿತ್ತು. 1897ರಲ್ಲಿ ಇಟಲಿಯ ಜುಸೆಪ್ಪೆ ಸನರೆಲ್ಲಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಹಳದಿ ಜ್ವರ ತರುವ ಬ್ಯಾಕ್ಟೀರಿಯಾ ಸಿಕ್ಕಿತೆಂದು ಘೋಷಿಸಿದರು. ಸಾಬೀತು ಮಾಡಲು ಆ ಬ್ಯಾಕ್ಟೀರಿಯಾದಿಂದ ತಯಾರಿಸಿದ ದ್ರವವನ್ನು ಐದು ಮಂದಿ ರೋಗಿಗಳಿಗೆ ಚುಚ್ಚಿದ್ದರು. ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ.

ಆ ಕಾಲದ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1898ರಲ್ಲಿ ವೈದ್ಯರ ಸಭೆಯೊಂದರಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಒಪ್ಪಿಗೆ ಇಲ್ಲದೆ ಮನುಷ್ಯರ ಮೇಲೆ ಇಂಥದ್ದನ್ನು ಮಾಡುವುದು ವಿಜ್ಞಾನವಲ್ಲ, ಅಪರಾಧ ಎನ್ನುವುದು ಅವರ ನಿಲುವು. ಸನರೆಲ್ಲಿ ಹೇಳಿದ ಬ್ಯಾಕ್ಟೀರಿಯಾಕ್ಕೂ ಹಳದಿ ಜ್ವರಕ್ಕೂ ಸಂಬಂಧವಿಲ್ಲ, ಅದು ಹಂದಿಗಳಿಗೆ ಕಾಯಿಲೆ ಬಂದಾಗ ಸಿಗುವ ಬ್ಯಾಕ್ಟೀರಿಯಾದ ಗುಂಪಿಗೆ ಸೇರಿದ್ದು ಎಂದು ತೋರಿಸಿದವರಲ್ಲಿ ರೀಡ್ ಮತ್ತು ಅವರ ಜೊತೆಗಾರ ಜೇಮ್ಸ್ ಕ್ಯಾರಲ್ ಇದ್ದರು.

ಅಂದರೆ ಮನುಷ್ಯರ ಮೇಲಿನ ಪ್ರಯೋಗ ಎಲ್ಲಿ ಅಡ್ಡದಾರಿ ಹಿಡಿಯುತ್ತದೆ ಎಂಬುದು ರೀಡ್‌ಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವರು ಆ ದಾರಿಯ ಅಂಚಿಗೆ ಬಂದು ನಿಲ್ಲಬೇಕಾಯಿತು.

ಸೊಳ್ಳೆಯ ವಿಚಾರ ಯಾರದು?

ಯುದ್ಧದ ನಂತರ ಕ್ಯೂಬಾ ದ್ವೀಪ ಅಮೆರಿಕದ ಸೇನೆಯ ಹಿಡಿತಕ್ಕೆ ಬಂತು. ಅಲ್ಲಿ ಹಳದಿ ಜ್ವರ ಸೈನಿಕರನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1900ರ ಜೂನ್‌ನಲ್ಲಿ ನಾಲ್ವರ ಆಯೋಗ ಹವಾನಾ ನಗರದ ಹತ್ತಿರದ ಸೇನಾ ನೆಲೆಗೆ ಬಂತು. ಮುಖ್ಯಸ್ಥರು ರೀಡ್. ಜೊತೆಗೆ ಜೇಮ್ಸ್ ಕ್ಯಾರಲ್, ಜೆಸ್ಸಿ ಲಜೀರ್, ಮತ್ತು ಕ್ಯೂಬಾದಲ್ಲೇ ಹುಟ್ಟಿದ ಅರಿಸ್ಟಿಡಿಸ್ ಅಗ್ರಮೋಂಟೆ.

ರೋಗಿಯ ಬಟ್ಟೆ, ಹಾಸಿಗೆ, ವಾಂತಿ ತಗುಲಿದ ಹೊದಿಕೆಯಿಂದ ಈ ಜ್ವರ ಹರಡುತ್ತದೆ ಎಂಬುದು ಆಗಿನ ಬಲವಾದ ನಂಬಿಕೆ. ವೈದ್ಯರೂ ಅದನ್ನೇ ನಂಬಿದ್ದರು. ರೋಗಿ ಮಲಗಿದ್ದ ಹಾಸಿಗೆಗಳನ್ನು ಸುಟ್ಟುಹಾಕುತ್ತಿದ್ದರು.

ಆದರೆ ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಬೇರೆ ಮಾತು ಹೇಳಿದ್ದರು. ಒಂದು ಜಾತಿಯ ಸೊಳ್ಳೆ ಈ ಜ್ವರವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ ಎಂಬುದು ಅವರ ವಾದ. ಅವರು ಗುರುತಿಸಿದ ಸೊಳ್ಳೆಯೂ ಸರಿಯಾಗಿತ್ತು. ಪ್ರಯೋಗಗಳು ಮಾತ್ರ ಸ್ಪಷ್ಟ ಫಲ ಕೊಡಲಿಲ್ಲ. ಸುಮಾರು 20 ವರ್ಷ ಜನ ಅವರನ್ನು ಲೇವಡಿ ಮಾಡಿದರು.

ತಪ್ಪಿದ್ದು ಎಲ್ಲಿ? ರೋಗಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ಕಾಯಿಲೆ ಹರಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಯವರೆಗೆ ಸಾಗಿ ಬೆಳೆಯಲು ಸುಮಾರು 12 ದಿನ ಬೇಕು. ಫಿನ್ಲೆ ಅಷ್ಟು ದಿನ ಕಾಯುತ್ತಿರಲಿಲ್ಲ. ಈ ನಡುವಿನ ಅವಧಿಯ ಸುಳಿವು ಕೊಟ್ಟವರು ಅಮೆರಿಕದ ಇನ್ನೊಬ್ಬ ವೈದ್ಯ ಹೆನ್ರಿ ಕಾರ್ಟರ್. ಮಿಸಿಸಿಪಿಯ ಹಳ್ಳಿಗಳಲ್ಲಿ ಮೊದಲ ರೋಗಿಗೂ ನಂತರದ ರೋಗಿಗಳಿಗೂ ನಡುವೆ ಎರಡು ವಾರದಷ್ಟು ಅಂತರವಿರುವುದನ್ನು ಅವರು ಗಮನಿಸಿದ್ದರು. ಇತ್ತ 1897ರಲ್ಲಿ ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡಿದ್ದರು. ಹಾಗಾಗಿ ಸೊಳ್ಳೆಯ ವಿಚಾರವನ್ನು ನಕ್ಕು ತಳ್ಳಿಹಾಕುವ ಕಾಲ ಮುಗಿದಿತ್ತು.

ಫಿನ್ಲೆ ತಾವು ಕಾಪಾಡಿಕೊಂಡಿದ್ದ ಸೊಳ್ಳೆಯ ಮೊಟ್ಟೆಗಳನ್ನು ಆಯೋಗಕ್ಕೆ ಕೊಟ್ಟರು. ಹೀಗಾಗಿ ಸೊಳ್ಳೆಯ ವಿಚಾರ ಫಿನ್ಲೆಯವರದು, ಅವಧಿಯ ಸುಳಿವು ಕಾರ್ಟರ್ ಅವರದು, ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದ್ದು ರೀಡ್ ಅವರ ತಂಡ. ರೀಡ್ ಒಬ್ಬರೇ ಕಂಡುಹಿಡಿದರು ಎನ್ನುವ ಫಾರ್ವರ್ಡ್ ಉಳಿದವರಿಗೆ ಮಾಡುವ ಅನ್ಯಾಯ.

ಆ ಎರಡು ತಿಂಗಳು

ಒಂದು ದೊಡ್ಡ ತೊಡಕಿತ್ತು. ಹಳದಿ ಜ್ವರ ಬರುವ ಬೇರೆ ಪ್ರಾಣಿ ಆಗ ಯಾರಿಗೂ ಗೊತ್ತಿರಲಿಲ್ಲ. ಇಲಿ, ಮೊಲದ ಮೇಲೆ ಪರೀಕ್ಷಿಸಿ ನೋಡುವ ಹಾಗಿರಲಿಲ್ಲ. ಸೊಳ್ಳೆಯ ವಾದ ಸರಿಯೇ ಎಂದು ತಿಳಿಯಬೇಕಾದರೆ ಮನುಷ್ಯರೇ ಬೇಕು.

ಬೇರೆಯವರನ್ನು ಅಪಾಯಕ್ಕೆ ಒಡ್ಡುವ ಮುನ್ನ ನಾವೇ ಒಡ್ಡಿಕೊಳ್ಳಬೇಕು ಎಂದು ಆಯೋಗದವರು ತಮ್ಮಲ್ಲೇ ಮಾತಾಡಿಕೊಂಡರು. ಅಗ್ರಮೋಂಟೆ ಕ್ಯೂಬಾದಲ್ಲಿ ಹುಟ್ಟಿದವರಾದ್ದರಿಂದ ಅವರಿಗೆ ಆಗಲೇ ರೋಗನಿರೋಧಕ ಶಕ್ತಿ ಇದ್ದೀತು ಎಂದು ಅವರನ್ನು ಬಿಟ್ಟರು. ಉಳಿದವರು ಮೂವರು. ಆದರೆ ಆಗಸ್ಟ್ ಆರಂಭದಲ್ಲೇ ರೀಡ್ ಟೈಫಾಯ್ಡ್ ವರದಿಯನ್ನು ಮುಗಿಸಲು ವಾಷಿಂಗ್ಟನ್‌ಗೆ ಹಡಗು ಹತ್ತಿದರು.

ಕ್ಯೂಬಾದಲ್ಲಿ ಸೊಳ್ಳೆ ಸಾಕುವ ಹೊಣೆ ಲಜೀರ್ ಅವರದಾಗಿತ್ತು. ಗಾಜಿನ ಕೊಳವೆಯಲ್ಲಿ ಸೊಳ್ಳೆ ಇಟ್ಟುಕೊಂಡು, ರೋಗಿಗಳ ರಕ್ತ ಹೀರಿಸಿ, ಆಮೇಲೆ ಒಪ್ಪಿದವರ ತೋಳಿನ ಮೇಲೆ ಕೂರಿಸುತ್ತಿದ್ದರು. ಮೊದಲ ಪ್ರಯತ್ನಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಆಗಸ್ಟ್ 27ರಂದು ಕ್ಯಾರಲ್ ತೋಳು ಒಡ್ಡಿದರು. ಆ ಸೊಳ್ಳೆ ರೋಗಿಯೊಬ್ಬರ ರಕ್ತ ಹೀರಿ 12 ದಿನಗಳಾಗಿತ್ತು. ಕೆಲವೇ ದಿನಗಳಲ್ಲಿ ಕ್ಯಾರಲ್ ಸಾವಿನ ಅಂಚಿಗೆ ಹೋದರು. ಬದುಕಿದರು, ಆದರೆ ಹೃದಯ ದುರ್ಬಲವಾಯಿತು. 1907ರಲ್ಲಿ ಹೃದಯದ ಕಾಯಿಲೆಯಿಂದಲೇ ತೀರಿಕೊಂಡರು. ಕ್ಯಾರಲ್ ನಂತರ ಒಬ್ಬ ಸೈನಿಕರೂ ಕಚ್ಚಿಸಿಕೊಂಡು, ಜ್ವರ ಬಂದು, ಗುಣವಾದರು. ಆ ಸೈನಿಕರ ಒಪ್ಪಿಗೆ ಬರೀ ಬಾಯಿಮಾತಿನದು.

ಸೆಪ್ಟೆಂಬರ್ ಮಧ್ಯದಲ್ಲಿ ಲಜೀರ್ ಅವರನ್ನು ಸೊಳ್ಳೆ ಕಚ್ಚಿತು. ಆಸ್ಪತ್ರೆಯ ವಾರ್ಡಿನಲ್ಲಿ ಆಕಸ್ಮಿಕವಾಗಿ ಕಚ್ಚಿತೆಂದು ಅವರು ಹೇಳಿದ್ದರು. ಅವರು ಬೇಕೆಂದೇ ಕಚ್ಚಿಸಿಕೊಂಡಿರಬೇಕು ಎಂಬುದು ಅನೇಕ ಇತಿಹಾಸಕಾರರ ಅನುಮಾನ. ಸೆಪ್ಟೆಂಬರ್ 25ರಂದು ಅವರು ಸತ್ತರು. ವಯಸ್ಸು 34. ಊರಿನಲ್ಲಿ ಹೆಂಡತಿ, ಒಬ್ಬ ಪುಟ್ಟ ಮಗ, ಆಗಷ್ಟೇ ಹುಟ್ಟಿದ ಮಗಳು. ಆ ಮಗಳ ಮುಖವನ್ನು ಅವರು ನೋಡಲೇ ಇಲ್ಲ.

ಈ ದಿನಗಳಲ್ಲಿ ರೀಡ್ ವಾಷಿಂಗ್ಟನ್‌ನಿಂದ ಗೆಳೆಯರಿಗೆ ಬರೆದ ಪತ್ರಗಳು ಉಳಿದಿವೆ. ಜೊತೆಗಾರರು ಒಬ್ಬೊಬ್ಬರಾಗಿ ಮಲಗುತ್ತಿರುವಾಗ ತಾವು ಸುರಕ್ಷಿತ ಊರಿನಲ್ಲಿ ಕೂತಿದ್ದೇವೆ ಎಂಬ ನಾಚಿಕೆ ಅವುಗಳಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅವರು ಹೆದರಿ ಓಡಿಹೋಗಿರಲಿಲ್ಲ, ಸರ್ಕಾರಿ ಕೆಲಸಕ್ಕೇ ಹೋಗಿದ್ದರು. ಆದರೆ ಆ ಕಾರಣ ಅವರ ಮನಸ್ಸಿಗೆ ಸಮಾಧಾನ ಕೊಡಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಕ್ಯೂಬಾಕ್ಕೆ ಮರಳಿದರು. ತಾವೂ ಕಚ್ಚಿಸಿಕೊಳ್ಳುವ ವಿಚಾರ ಮತ್ತೆ ಬಂತು. ಆಗ ಅವರಿಗೆ 49 ವರ್ಷ. ಆ ವಯಸ್ಸಿನವರಿಗೆ ಈ ಜ್ವರ ಬಂದರೆ ಉಳಿಯುವ ಸಾಧ್ಯತೆ ಕಡಿಮೆ ಎಂಬುದು ಆಗಿನ ವೈದ್ಯರ ಅನುಭವ. ಅವರು ಕಚ್ಚಿಸಿಕೊಳ್ಳಲಿಲ್ಲ.

ಇದನ್ನು ಹೇಡಿತನ ಎನ್ನಬೇಕೆ? ನಮಗೆ ಹಾಗನಿಸುವುದಿಲ್ಲ. ಇನ್ನೊಂದು ಹೆಣ ಬಿದ್ದಿದ್ದರೆ ಯಾವ ಹೊಸ ವಿಷಯವೂ ತಿಳಿಯುತ್ತಿರಲಿಲ್ಲ. ಆದರೆ ಒಂದು ಮಾತನ್ನು ಬಿಡಲಾಗದು. ತಾವು ತೆಗೆದುಕೊಳ್ಳದ ಅಪಾಯವನ್ನು ಇನ್ನು ಮುಂದೆ ಬೇರೆಯವರ ಮುಂದೆ ಇಡಬೇಕಾದ ಸ್ಥಿತಿಗೆ ರೀಡ್ ಬಂದಿದ್ದರು.

ಲಜೀರ್ ಹೆಸರಿನ ಶಿಬಿರ

ಮೂರು ಪ್ರಕರಣಗಳಿಂದ ಸಾಬೀತಾಗುವುದಿಲ್ಲ, ಆ ಮೂವರಿಗೂ ಬೇರೆ ಎಲ್ಲಿಂದಾದರೂ ಜ್ವರ ತಗುಲಿರಬಹುದು ಎನ್ನುವ ಟೀಕೆ ಬಂತು. ಅದು ನ್ಯಾಯವಾದ ಟೀಕೆಯೇ. ಹಾಗಾಗಿ ರೀಡ್ ಪ್ರತ್ಯೇಕ ಶಿಬಿರ ಕಟ್ಟಿಸಿದರು. 1900ರ ನವೆಂಬರ್ 20ರಂದು ಅದು ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಕ್ಯಾಂಪ್ ಲಜೀರ್.

ಅಲ್ಲಿ ಎರಡು ಸಣ್ಣ ಮರದ ಮನೆಗಳು. ಮೊದಲನೆಯದರಲ್ಲಿ ಹಳದಿ ಜ್ವರದಿಂದ ಸತ್ತವರ ವಾಂತಿ, ಮಲ, ರಕ್ತ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ತುಂಬಿದರು. ಒಬ್ಬ ವೈದ್ಯ, ಇಬ್ಬರು ಸೈನಿಕರು ಆ ದುರ್ನಾತದಲ್ಲಿ 20 ರಾತ್ರಿ ಮಲಗಿದರು. ನಂತರ ಬೇರೆಯವರು ಹೋದರು. ಒಬ್ಬರಿಗೂ ಜ್ವರ ಬರಲಿಲ್ಲ. ಬಟ್ಟೆಯಿಂದ ಹರಡುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಎರಡನೆಯ ಮನೆ ಸ್ವಚ್ಛವಾಗಿತ್ತು, ಗಾಳಿಯಾಡುತ್ತಿತ್ತು. ನಡುವೆ ತಂತಿಯ ಜಾಲರಿಯ ಗೋಡೆ. ಒಂದು ಬದಿಯಲ್ಲಿ ರೋಗಿಯನ್ನು ಕಚ್ಚಿದ್ದ ಸೊಳ್ಳೆಗಳು, ಇನ್ನೊಂದು ಬದಿಯಲ್ಲಿ ಇಲ್ಲ. ಸೊಳ್ಳೆಯ ಬದಿಗೆ ಹೋದ ಜಾನ್ ಮೊರಾನ್ ಅವರಿಗೆ ಕ್ರಿಸ್‌ಮಸ್ ದಿನ ಜ್ವರ ಬಂತು. ಅದೇ ಗಾಳಿ ಉಸಿರಾಡುತ್ತ ಜಾಲರಿಯಾಚೆ ಮಲಗಿದ್ದವರು ಆರೋಗ್ಯವಾಗಿದ್ದರು. ಇಷ್ಟು ಸರಳ, ಇಷ್ಟು ಸ್ಪಷ್ಟ ಪ್ರಯೋಗ ವೈದ್ಯಕೀಯ ಇತಿಹಾಸದಲ್ಲಿ ಅಪರೂಪ.

ಕ್ಯಾಂಪ್ ಲಜೀರ್‌ನಲ್ಲಿ ಯಾರೂ ಸಾಯಲಿಲ್ಲ. ಒಳ್ಳೆಯ ಆರೈಕೆಯಿತ್ತು, ಎಚ್ಚರಿಕೆಯಿತ್ತು, ಅದೃಷ್ಟವೂ ಇತ್ತು. ಅದೃಷ್ಟ ಎಂದು ಯಾಕೆ ಹೇಳುತ್ತಿದ್ದೇವೆ ಎಂಬುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಒಂದು ಹಾಳೆ ಕಾಗದ

ಈ ಸಲ ರೀಡ್ ಬಾಯಿಮಾತಿಗೆ ಬಿಡಲಿಲ್ಲ. ಪ್ರಯೋಗಕ್ಕೆ ಒಳಗಾಗುವವರಿಗಾಗಿ ಬರಹದ ಒಪ್ಪಂದ ಮಾಡಿಸಿದರು. ಸ್ಪೇನ್‌ನಿಂದ ಕ್ಯೂಬಾಕ್ಕೆ ಕೂಲಿ ಅರಸಿ ಬಂದಿದ್ದ ಯುವಕರಿಗೆ ಅರ್ಥವಾಗಲೆಂದು ಅದನ್ನು ಸ್ಪ್ಯಾನಿಷ್ ಭಾಷೆಯಲ್ಲೂ ಬರೆಯಿಸಿದರು. ಹವಾನಾದಲ್ಲಿದ್ದ ಸ್ಪೇನ್ ದೇಶದ ಪ್ರತಿನಿಧಿಯ ಬಳಿ ಹೋಗಿ ವಿಷಯ ತಿಳಿಸಿದರು. ವಯಸ್ಕರಾಗಿರಬೇಕು, ತಿಳಿದು ಒಪ್ಪಿರಬೇಕು ಎಂಬ ಷರತ್ತಿನ ಮೇಲೆ ಅವರು ಸಮ್ಮತಿಸಿದರು. ಕ್ಯೂಬಾದ ಸೇನಾ ಗವರ್ನರ್ ಲಿಯೊನಾರ್ಡ್ ವುಡ್ ಹಣ ಕೊಟ್ಟು ಅನುಮತಿಯನ್ನೂ ಕೊಟ್ಟರು. ಅವರೂ ಓದಿನಿಂದ ವೈದ್ಯರೇ.

ಕಾಗದದಲ್ಲಿ ಏನಿತ್ತು? ಜೀವಕ್ಕೆ ಅಪಾಯ ಇದೆ ಎಂದು ತಿಳಿದಿದ್ದೇನೆ, ಸ್ವಇಚ್ಛೆಯಿಂದ ಒಪ್ಪಿದ್ದೇನೆ ಎಂಬ ಅರ್ಥದ ಮಾತು. ಭಾಗವಹಿಸಿದ್ದಕ್ಕೆ 100 ಡಾಲರ್ ಚಿನ್ನದ ನಾಣ್ಯ. ಜ್ವರ ಬಂದರೆ ಇನ್ನೂ 100. ಸತ್ತರೆ ಹಣ ಅವರು ಹೇಳಿದವರಿಗೆ. ಒಳ್ಳೆಯ ಚಿಕಿತ್ಸೆಯ ಭರವಸೆ.

ವೈದ್ಯಕೀಯ ಪ್ರಯೋಗಕ್ಕೆ ಬರಹದಲ್ಲಿ ಪಡೆದ, ನಮಗೆ ಗೊತ್ತಿರುವ ಮೊದಮೊದಲ ಒಪ್ಪಿಗೆ ಪತ್ರಗಳಲ್ಲಿ ಇದೂ ಒಂದು. ಸನರೆಲ್ಲಿ ಕೇಳದೆ ಚುಚ್ಚಿದ ಮೂರೇ ವರ್ಷಗಳಲ್ಲಿ ವಿಷಯ ಇಲ್ಲಿಗೆ ಬಂದು ಮುಟ್ಟಿತ್ತು. ಲಜೀರ್ ಸಾವು, ಅದರ ಬಗ್ಗೆ ರೀಡ್‌ಗಿದ್ದ ಸಂಕಟ, ಆಸ್ಲರ್ ಅಂಥವರ ಟೀಕೆ, ಎಲ್ಲವೂ ಸೇರಿ ಈ ಕಾಗದ ಹುಟ್ಟಿತು ಎಂದು ನಾವು ಓದುತ್ತೇವೆ.

ಆ ಕಾಗದದಲ್ಲಿದ್ದ ಬಿರುಕುಗಳು

ಈಗ ಮೂರನೆಯ ಮಾತಿಗೆ ಬರೋಣ. ಎಲ್ಲರೂ ಯಾವ ಆಸೆಯೂ ಇಲ್ಲದೆ ಬಂದರೇ? ಮೊರಾನ್ ಮತ್ತು ಜಾನ್ ಕಿಸಿಂಜರ್ ಎಂಬ ಸೈನಿಕ ಹಣ ಬೇಡವೆಂದರು, ಅದು ನಿಜ. ಆದರೆ ಉಳಿದವರ ಕಥೆ ಅಷ್ಟು ಸರಳವಲ್ಲ.

ಒಂದು, ಹಣ. ಆಗ ಅಮೆರಿಕದ ಸಾಮಾನ್ಯ ಸೈನಿಕನ ಮೂಲ ಸಂಬಳ ತಿಂಗಳಿಗೆ 13 ಡಾಲರ್. ಅಂದರೆ 100 ಡಾಲರ್ ಏಳು ತಿಂಗಳಿಗೂ ಹೆಚ್ಚಿನ ಸಂಬಳ. ಸಮುದ್ರ ದಾಟಿ ಕೂಲಿಗೆ ಬಂದವರಿಗೆ ಅದು ಇನ್ನೂ ದೊಡ್ಡದು. ಅಷ್ಟು ಹಣ ಮುಂದಿಟ್ಟಾಗ ಬಡವರ ಒಪ್ಪಿಗೆ ಎಷ್ಟು ಸ್ವತಂತ್ರ?

ಎರಡು, ಕಾಗದದಲ್ಲಿದ್ದ ಒಂದು ವಾದ. ಈ ದ್ವೀಪದಲ್ಲಿದ್ದರೆ ಹೇಗೂ ಜ್ವರ ತಪ್ಪಿದ್ದಲ್ಲ, ಅದರ ಬದಲು ಇಲ್ಲಿಯೇ ಬರಿಸಿಕೊಂಡರೆ ಒಳ್ಳೆಯ ಆರೈಕೆಯಾದರೂ ಸಿಗುತ್ತದೆ ಎಂಬ ಅರ್ಥ ಅದರಲ್ಲಿತ್ತು. ಆದರೆ ಕ್ಯೂಬಾದಲ್ಲಿದ್ದ ಎಲ್ಲರಿಗೂ ಹಳದಿ ಜ್ವರ ಬಂದೇ ಬರುತ್ತಿರಲಿಲ್ಲ. ಅಪಾಯವನ್ನು ಚಿಕ್ಕದಾಗಿ ತೋರಿಸುವ ಮಾತು ಅದು.

ಮೂರು, ನಡುವೆ ಬಿಟ್ಟು ಹೋಗುವ ಹಕ್ಕು. ಪ್ರಯೋಗ ಮುಗಿಯುವ ಮುನ್ನ ಶಿಬಿರ ಬಿಟ್ಟರೆ ಹಣದ ಮೇಲಿನ ಹಕ್ಕೆಲ್ಲ ಹೋಗುತ್ತಿತ್ತು. ಜೊತೆಯವರು ಜ್ವರದಿಂದ ಮಲಗಿದ್ದನ್ನು ಕಂಡ ಕೆಲವು ಸ್ಪ್ಯಾನಿಷ್ ಕೂಲಿಗಳು ಹಣವೂ ಬೇಡ, ಏನೂ ಬೇಡ ಎಂದು ಹೊರಟುಹೋದರು. ಅವರು ಹೋಗಿದ್ದನ್ನು ಆಗ ತಮಾಷೆಯಾಗಿ ಹೇಳುತ್ತಿದ್ದರು. ನಿಜವಾಗಿ ಅಪಾಯ ಏನೆಂದು ಅವರಿಗೆ ಪೂರ್ತಿ ಅರ್ಥವಾದದ್ದು ಆ ದಿನವೇ.

ನಾಲ್ಕು, ಸೈನಿಕರು. ಮೇಲಧಿಕಾರಿ ಕೇಳಿದಾಗ ಬೇಡ ಎನ್ನುವುದು ಸುಲಭವಲ್ಲ. ನಮ್ಮ ಕಚೇರಿಗಳಲ್ಲೂ ಅದು ಸುಲಭವಲ್ಲ.

ಇಷ್ಟೆಲ್ಲ ಹೇಳುವುದು ರೀಡ್ ಅವರನ್ನು ಕೆಳಗಿಳಿಸಲು ಅಲ್ಲ. ತಮ್ಮ ಕಾಲದ ಬಹುತೇಕ ವೈದ್ಯರು ಇಡದ ಹೆಜ್ಜೆಯನ್ನು ಅವರು ಇಟ್ಟರು. ಆದರೆ ಒಬ್ಬ ಒಳ್ಳೆಯ ಮನುಷ್ಯನ ಸಂಕಟ ಮಾತ್ರದಿಂದ ಬೇರೆಯವರಿಗೆ ರಕ್ಷಣೆ ಸಿಗುವುದಿಲ್ಲ. ಅದಕ್ಕೆ ಗಟ್ಟಿ ನಿಯಮ ಬೇಕು.

ಗೆಲುವು, ಮತ್ತೆ ಮೂರು ಸಾವು

1901ರ ಆರಂಭದಿಂದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಹವಾನಾದಲ್ಲಿ ಸೊಳ್ಳೆಗಳ ಮೇಲೆ ಸಮರ ಸಾರಿದರು. ಮನೆ ಮನೆಗೆ ಹೋಗಿ ನೀರಿನ ತೊಟ್ಟಿ ಮುಚ್ಚಿಸಿದರು, ನಿಂತ ನೀರು ಚೆಲ್ಲಿಸಿದರು, ಎಣ್ಣೆ ಹಾಕಿಸಿದರು, ರೋಗಿಗಳನ್ನು ಜಾಲರಿಯೊಳಗೆ ಇರಿಸಿದರು. ತಲೆಮಾರುಗಳಿಂದ ಕಾಡಿದ್ದ ಜ್ವರ ಅದೇ ವರ್ಷದ ಕೊನೆಯ ಹೊತ್ತಿಗೆ ಆ ನಗರದಿಂದ ಮಾಯವಾಯಿತು. ಮುಂದೆ ಪನಾಮಾ ಕಾಲುವೆ ಕಟ್ಟಲು ಸಾಧ್ಯವಾದದ್ದರಲ್ಲೂ ಇದೇ ವಿಧಾನದ ಪಾಲಿದೆ. ಅದೇ ವರ್ಷ ಕ್ಯಾರಲ್ ಮಾಡಿದ ಪ್ರಯೋಗದಿಂದ, ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕದಿಂದಲೂ ಈ ರೋಗಕಾರಕ ದಾಟಿಹೋಗುತ್ತದೆ ಎಂದು ತಿಳಿಯಿತು. ಮನುಷ್ಯರಿಗೆ ಬರುವ ಕಾಯಿಲೆಯೊಂದಕ್ಕೆ ವೈರಸ್ ಕಾರಣ ಎಂದು ತೋರಿದ್ದು ಅದೇ ಮೊದಲು.

ಇದೇ ವರ್ಷ ಹವಾನಾದಲ್ಲಿ ಹುವಾನ್ ಗಿಟೆರಾಸ್ ಎಂಬ ವೈದ್ಯರು ಸೊಳ್ಳೆ ಕಚ್ಚಿಸಿ ಸೌಮ್ಯ ಜ್ವರ ಬರಿಸಿದರೆ ಲಸಿಕೆಯಂತೆ ರಕ್ಷಣೆ ಸಿಗಬಹುದೇ ಎಂದು ಪರೀಕ್ಷಿಸತೊಡಗಿದರು. ಇದು ರೀಡ್ ನಡೆಸಿದ ಪ್ರಯೋಗವಲ್ಲ, ಆದರೆ ಅದರ ಬೆನ್ನಿಗೇ ಬಂದದ್ದು. ಮೂವರು ಸತ್ತರು. ಅವರಲ್ಲಿ ಒಬ್ಬರು ಅಮೆರಿಕದ ನರ್ಸ್ ಕ್ಲಾರಾ ಮಾಸ್. ವಯಸ್ಸು 25. 1901ರ ಆಗಸ್ಟ್ 24ರಂದು ಅವರು ತೀರಿಕೊಂಡರು. ಅವರಿಗೂ ಸಿಕ್ಕಿದ್ದು 100 ಡಾಲರ್. ಸಾರ್ವಜನಿಕರ ಆಕ್ರೋಶಕ್ಕೆ ಮಣಿದು ಆ ಪ್ರಯೋಗಗಳು ನಿಂತವು.

ಕ್ಯಾಂಪ್ ಲಜೀರ್‌ನಲ್ಲಿ ಅದೃಷ್ಟವೂ ಇತ್ತು ಎಂದು ನಾವು ಹೇಳಿದ್ದು ಇದಕ್ಕೇ. ಅದೇ ಜಾತಿಯ ಸೊಳ್ಳೆ, ಅದೇ ಜ್ವರ, ಅದೇ ನಗರದ ಸುತ್ತಮುತ್ತ. ಒಂದು ಕಡೆ ಎಲ್ಲರೂ ಬದುಕಿದರು, ಇನ್ನೊಂದು ಕಡೆ ಮೂವರು ಸತ್ತರು.

ರೀಡ್ ಕೂಡ ಹೆಚ್ಚು ಕಾಲ ಬದುಕಲಿಲ್ಲ. 1902ರ ನವೆಂಬರ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯೊಳಗೆ ಸೋಂಕಾಗಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ವಯಸ್ಸು 51. ಅವರ ಹೆಸರಿನ ದೊಡ್ಡ ಸೇನಾ ಆಸ್ಪತ್ರೆ 1909ರಲ್ಲಿ ಶುರುವಾಯಿತು. ಹೆಸರು ರೀಡ್ ಅವರದೇ ಉಳಿಯಿತು, ಫಿನ್ಲೆ ಮತ್ತು ಲಜೀರ್ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ.

ನಮಗೂ ಇದಕ್ಕೂ ಏನು ಸಂಬಂಧ?

ಮೊದಲನೆಯದು ಸೊಳ್ಳೆ. ಫಿನ್ಲೆ ಗುರುತಿಸಿದ್ದು ಈಡಿಸ್ ಈಜಿಪ್ಟಿ. ನಮ್ಮ ಊರುಗಳಲ್ಲಿ ಡೆಂಗಿ, ಚಿಕೂನ್‌ಗುನ್ಯ ಹರಡುವುದೂ ಇದೇ. ಇದು ಹಗಲಲ್ಲಿ ಕಚ್ಚುತ್ತದೆ. ಕೊಚ್ಚೆಗಿಂತ ಹೆಚ್ಚಾಗಿ ಡ್ರಮ್, ತೊಟ್ಟಿ, ಹಳೇ ಟೈರ್, ತೆಂಗಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಸೊಳ್ಳೆ ನಮ್ಮಲ್ಲಿದೆ, ಹಳದಿ ಜ್ವರದ ವೈರಸ್ ಇಲ್ಲ. ವೈರಸ್ ಒಮ್ಮೆ ಒಳಬಂದರೆ ಹರಡಿಸಲು ವಾಹಕ ಸಿದ್ಧವಾಗಿಯೇ ಇದೆ. ಅದಕ್ಕೇ ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಸೋಂಕಿತ ದೇಶಗಳಿಂದ ಬರುವವರಿಗೆ ಭಾರತದಲ್ಲಿ ಲಸಿಕೆ ಪ್ರಮಾಣಪತ್ರ ಕೇಳುತ್ತಾರೆ. ಅದು ಸುಮ್ಮನೆ ಸತಾಯಿಸುವ ನಿಯಮವಲ್ಲ. ಲಸಿಕೆ ಹಾಕಿಸಿದ 10 ದಿನಗಳ ನಂತರ ಆ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಪ್ರಯಾಣ ಇದ್ದರೆ ಮೊದಲೇ ಹಾಕಿಸಿಕೊಳ್ಳಿ.

ಎರಡನೆಯದು ಒಪ್ಪಿಗೆ ಪತ್ರ. ರೀಡ್ ಕಾಗದದಲ್ಲಿದ್ದ ಬಿರುಕುಗಳನ್ನು ಮುಚ್ಚಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂತು. ಭಾರತದಲ್ಲಿ ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಅವುಗಳ ಪ್ರಕಾರ ಹೊಸ ಔಷಧದ ಪ್ರಯೋಗಕ್ಕೆ ನಿಮ್ಮನ್ನು ಸೇರಿಸಿಕೊಳ್ಳುವುದಾದರೆ ಈ ಮಾತುಗಳು ನಿಮಗೆ ತಿಳಿದಿರಲಿ:

- ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಇರಬೇಕು. ಇದೆಯೇ ಎಂದು ಕೇಳುವ ಹಕ್ಕು ನಿಮ್ಮದು.
- ಅಪಾಯ, ಉಪಯೋಗ, ಬೇರೆ ಚಿಕಿತ್ಸೆಯ ದಾರಿ, ಎಲ್ಲವನ್ನೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಓದಲು ಬಾರದಿದ್ದರೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಇರಬೇಕು.
- ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಸಿಗಬೇಕು.
- ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರೆ ನಿಮಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ತಪ್ಪಬಾರದು.
- ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ನಿಯಮದಂತೆ ಪರಿಹಾರವನ್ನೂ ಕೊಡಬೇಕು.

ಕ್ಲಿನಿಕಲ್ ಟ್ರಯಲ್ ಎಂದರೆ ಜನರನ್ನು ಇಲಿಗಳಂತೆ ಬಳಸುವುದು ಎಂಬ ಸಂದೇಶಗಳೂ ಓಡಾಡುತ್ತವೆ. ಅದೂ ಸರಿಯಲ್ಲ. ನಾವು ನುಂಗುವ ಮಾತ್ರೆ, ಮಕ್ಕಳಿಗೆ ಹಾಕಿಸುವ ಲಸಿಕೆ, ಎಲ್ಲವೂ ಯಾರೋ ಒಪ್ಪಿ ಭಾಗವಹಿಸಿದ ಪ್ರಯೋಗಗಳಿಂದಲೇ ಬಂದವು. ಹಳದಿ ಜ್ವರದ ಲಸಿಕೆಯೂ ಅಷ್ಟೇ. ಹೆದರಿ ದೂರ ಓಡುವುದೂ ಬೇಡ, ಓದದೆ ಸಹಿ ಹಾಕುವುದೂ ಬೇಡ.

ಕೊನೆಯದಾಗಿ

ರೀಡ್ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡರು ಎಂಬುದು ತಪ್ಪು. ಸೊಳ್ಳೆಯ ವಿಚಾರ ಅವರದೇ ಎಂಬುದೂ ತಪ್ಪು, ಅದು ಫಿನ್ಲೆಯವರದು. ಎಲ್ಲ ಸ್ವಯಂಸೇವಕರೂ ಯಾವ ಆಸೆಯೂ ಇಲ್ಲದೆ ಬಂದರು ಎಂಬುದು ಅರ್ಧ ಸತ್ಯ. ಅಪಾಯವನ್ನು ಬರೆದು ತಿಳಿಸಿ, ಒಪ್ಪಿಗೆಯನ್ನು ಬರೆಸಿಕೊಂಡ ಮೊದಮೊದಲಿಗರಲ್ಲಿ ಅವರೊಬ್ಬರು ಎಂಬುದು ನಿಜ.

ಮುಂದಿನ ಸಲ ಆಸ್ಪತ್ರೆಯಲ್ಲಿ ಯಾರಾದರೂ ಕಾಗದ ಮುಂದಿಟ್ಟು ಇಲ್ಲಿ ಒಂದು ಸಹಿ ಹಾಕಿ ಎಂದರೆ, ಎರಡು ನಿಮಿಷ ತೆಗೆದುಕೊಂಡು ಓದಿ. ಅರ್ಥವಾಗದಿದ್ದರೆ ಕೇಳಿ. ಮನೆಯ ಹಿರಿಯರ ಪರವಾಗಿ ನೀವು ಹೋಗಿದ್ದರೆ ಅವರಿಗೂ ಓದಿ ಹೇಳಿ.